ಮೂರು ತಿಂಗಳಲ್ಲ, 90 ದಿನ

ಕಳೆದ ವಾರ ನಮ್ಮ ಪಕ್ಷಗಾರರೊಬ್ಬರ ಮಗಳು ಆಫೀಸಿಗೆ ಬಂದಿದ್ದಳು. ಪಿಯುಸಿ ಮುಗಿಸಿದ್ದಾಳೆ, ವಕೀಲಿಕೆ ಓದಬೇಕಂತೆ. "ಅಣ್ಣಾ, ಈಗ್ಲೇ ಐದು ವರ್ಷದ್ದಕ್ಕ ಸೇರ್ಲೋ, ಡಿಗ್ರಿ ಮುಗಿಸಿ ಮೂರು ವರ್ಷದ್ದು ಮಾಡ್ಲೋ?" ಎಂದು ಕೇಳಿದಳು. ಗೊತ್ತಿದ್ದಷ್ಟು ಹೇಳಿದೆ. ಆದರೆ ಅವಳು ಎದುರಿಗೆ ಕೂತಷ್ಟು ಹೊತ್ತೂ ನನ್ನ ಕಣ್ಣ ಮುಂದೆ ಇದ್ದದ್ದು 2022ರ ನವೆಂಬರ್ 22, ಮಂಗಳವಾರ. ನಾನು ದಿನ ಎಣಿಸುವುದರಲ್ಲಿ ಮಾಡಿದ ತಪ್ಪಿಗೆ ಅವರಪ್ಪನ ನಾಲ್ಕು ಎಕರೆ ಭತ್ತ ಅವತ್ತು ಬೇರೆಯವರ ಕೈಗೆ ಹೋಗುವುದರಲ್ಲಿತ್ತು. ಅದು ಅವಳಿಗೂ ಗೊತ್ತು. ಗೊತ್ತಿದ್ದೂ ನನ್ನನ್ನೇ ಕೇಳಲು ಬಂದಿದ್ದಳು.

ಆಗ ನಾನು ರಾಯಚೂರಿನಲ್ಲಿ ಸೀನಿಯರ್ ಒಬ್ಬರ ಕೈಕೆಳಗೆ ಮೂರನೇ ವರ್ಷದ ಜೂನಿಯರ್. ಸೀನಿಯರ್‌ಗೆ ಹೈಕೋರ್ಟಿನ ಕಲಬುರಗಿ ಪೀಠದ ಕೆಲಸ ಹೆಚ್ಚಾದಂತೆ ತಾಲೂಕು ಕೋರ್ಟುಗಳ ಓಡಾಟ ನನ್ನ ಪಾಲಿಗೆ ಬಂದಿತ್ತು. ವಾರಕ್ಕೆ ಎರಡು ದಿನ ಬೆಳಗಿನ ಬಸ್ಸಿಗೆ ಸಿಂಧನೂರು ಕಡೆ ಹೋಗಿ, ಕಾಲ್ ವರ್ಕ್ ಮುಗಿಸಿ, ಡೇಟು ತಗೊಂಡು, ರಾತ್ರಿ ವಾಪಸ್ಸು. ನಾಲ್ಕು ಜನ ಜೂನಿಯರ್, ಒಬ್ಬ ಗುಮಾಸ್ತ, ಒಂದೇ ಆಫೀಸ್ ಡೈರಿ. ಆ ಡೈರಿಯಲ್ಲಿ ನಂಬರ್ ಬಿದ್ದ ಕೇಸುಗಳಿಗೆ ಮಾತ್ರ ಜಾಗ. ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಹಾಕಿಡುವ ಅರ್ಜಿಯೇ ಕೇವಿಯಟ್. ಅದಕ್ಕೆ ಓ.ಎಸ್. (ಮೂಲ ದಾವೆ) ನಂಬರೂ ಇಲ್ಲ, ಮುಂದಿನ ತಾರೀಖೂ ಇಲ್ಲ. ಹಾಕಿದವರ ತಲೆಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದು ಸರಿಯಲ್ಲ ಎಂದು ನನಗೆ ಮೊದಲೇ ಅನ್ನಿಸಿತ್ತು. ಹೇಳಿರಲಿಲ್ಲ.

ಆ ಹುಡುಗಿಯ ಅಪ್ಪನನ್ನು ನಾನು ಕಾಕಾ ಅನ್ನುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಅವರದು ನಾಲ್ಕು ಎಕರೆ. ಅವರ ದೊಡ್ಡಪ್ಪನ ಮಕ್ಕಳ ಹತ್ತಿರ ನಿಜಾಮರ ಕಾಲದ ಉರ್ದು ಕಾಗದಗಳೂ 1954-55ರ ಖಾಸ್ರಾ ಪಹಣಿಯ ನಕಲೂ ಇದ್ದವು. ಅದರಲ್ಲಿ ಇದ್ದದ್ದು ಮುತ್ತಜ್ಜನ ಹೆಸರು. ಆಮೇಲೆ ಬಾಯಿಮಾತಿನಲ್ಲಿ ವಾಟ್ನಿ (ಪಾಲು) ಆಗಿ ಮೂವತ್ತು ವರ್ಷದಿಂದ ಕಾಕಾ ಒಬ್ಬರೇ ಉಳುತ್ತಿದ್ದರೂ, ಅಣ್ಣತಮ್ಮಂದಿರು "ನಮಗೂ ಭಾಗ ಅದ" ಎಂದು ತಕರಾರು ತೆಗೆದಿದ್ದರು. ನಾಟಿ ಮುಗಿದ ಮೇಲೆ ಕಾಕಾ ಆಫೀಸಿಗೆ ಬಂದು, "ಸುಗ್ಗಿ ಟೈಮಿಗೆ ಕೋರ್ಟಿಂದ ಏನರ ತಂದು ಬೆಳಿ ಹೊಡ್ಕೊಂಡ್ ಹೋಗ್ತಾರ" ಎಂದು ಭಯ ಹೇಳಿಕೊಂಡರು. ಆಗಸ್ಟ್ 22, ಸೋಮವಾರ ಕೇವಿಯಟ್ ಹಾಕಿದೆ. ಎದುರಿನವರಿಗೆ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆ, ಅಂದರೆ ಆರ್‌ಪಿಎಡಿ ಮಾಡಿ ರಸೀದಿ ಅಂಟಿಸಿದೆ. "ಕಾಕಾ, ಇನ್ನು ನಿಮ್ಮನ್ನ ಕೇಳದಂಗ ಯಾರೂ ಆರ್ಡರ್ ತರಂಗಿಲ್ಲ, ನಿಶ್ಚಿಂತಿಲೆ ನೀರು ಕಟ್ರಿ" ಅಂದೆ. ನನ್ನ ಸ್ವಂತ ಡೈರಿಯಲ್ಲಿ ಬರೆದುಕೊಂಡೆ: ನವೆಂಬರ್ 22, ಕೇವಿಯಟ್ ಮುಗಿತ.

ಆಗಸ್ಟ್ 22ರಿಂದ ನವೆಂಬರ್ 22. ಮೂರು ತಿಂಗಳು.

ನವೆಂಬರ್ 22ರ ಬೆಳಿಗ್ಗೆ ಹತ್ತೂವರೆಗೆ ಹೊಸ ಕೇವಿಯಟ್ ಕೈಯಲ್ಲಿ ಹಿಡಿದು ಫೈಲಿಂಗ್ ಸೆಕ್ಷನ್ನಿನ ಮುಂದೆ ನಿಂತಿದ್ದೆ. ಕೊನೆಯ ದಿನವೇ ಆದರೂ ದಿನದೊಳಗೆ ಬಂದಿದ್ದೇನೆ ಎಂಬ ಸಮಾಧಾನವಿತ್ತು. ಗುಮಾಸ್ತರು ಹೆಸರು ಓದಿ ತಲೆಯೆತ್ತಿದರು. "ಇವ್ರ ಮ್ಯಾಲ ನಿನ್ನೇನೆ ದಾವೆ ಬಂದದಲ್ರೀ ವಕೀಲ್ರ. ಸಂಜಿಕಿ ಎಕ್ಸ್‌ಪಾರ್ಟಿ ಟಿ.ಐ. ಆಗ್ಯದ."

ಅಂದರೆ ನಮ್ಮ ಮಾತು ಕೇಳದೆಯೇ ತಾತ್ಕಾಲಿಕ ತಡೆಯಾಜ್ಞೆ ಆಗಿತ್ತು. ಕಿವಿ ಗುಂಯ್ ಅಂದಿತು. ಜೇಬಿನಲ್ಲಿದ್ದ ಫೋನು ಸೈಲೆಂಟ್. ತೆಗೆದು ನೋಡಿದರೆ ಕಾಕಾನ ಹನ್ನೊಂದು ಕಾಲು. ವಾಪಸ್ಸು ಮಾಡಿದೆ. ಹಿಂದೆ ಇಂಜಿನ್ ಸದ್ದು. "ಯಪ್ಪಾ, ಮಷೀನ್ ತಂದು ಬದುವಿನ ಮ್ಯಾಲ ನಿಂದ್ರಿಸ್ಯಾರ. ಕೋರ್ಟ್ ಆರ್ಡರ್ ಅದ, ಗದ್ಯಾಗ ಕಾಲಿಟ್ರ ಪೊಲೀಸ್ರು ಬರ್ತಾರ ಅಂತಾರ. ನೀ ಆರ್ಡರ್ ಬರಂಗಿಲ್ಲ ಅಂದಿದ್ದಿ." ಆ ಕೊನೆಯ ಮಾತನ್ನು ಅವರು ಸಿಟ್ಟಿನಲ್ಲಿ ಹೇಳಲಿಲ್ಲ, ಕೇಳುವವರಂತೆ ಹೇಳಿದರು. ನನಗೆ ಇವತ್ತಿಗೂ ಚುಚ್ಚುವುದು ಅದೇ ದನಿ. "ಕೈ ಮಾಡಬ್ಯಾಡ್ರಿ ಕಾಕಾ, ಅಡ್ಡ ನಿಂದ್ರಬ್ಯಾಡ್ರಿ, ಆರ್ಡರ್ ಮುರಿದ್ರಿ ಅಂತ ಟೂ-ಎ ಹಾಕ್ತಾರ. ಕಾಗದ ಎಲ್ಲಾ ಯಾರ ಕೈಲರ ಕಳಿಸ್ರಿ" ಅಂದೆ.

ಮುಂದಿನ ಎರಡು ತಾಸಿನಲ್ಲಿ ವಕಾಲತ್ತು, ಅಡ್ವಾನ್ಸ್‌ಮೆಂಟ್ ಐ.ಎ. (ತಾರೀಖು ಮೊದಲೇ ಕೊಡಿ ಎಂಬ ಮಧ್ಯಂತರ ಅರ್ಜಿ), ತಡೆಯಾಜ್ಞೆ ರದ್ದು ಮಾಡಿ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39 ನಿಯಮ 4ರ ಅರ್ಜಿ ಎಲ್ಲ ಟೈಪ್ ಆದವು. ದಾವೆಯ ಮುಂದಿನ ತಾರೀಖು ಡಿಸೆಂಬರ್ 14 ಕೊಟ್ಟಿದ್ದರು. ಅಷ್ಟರೊಳಗೆ ಗದ್ದೆಯಲ್ಲಿ ಕೂಳೆ ಬಿಟ್ಟು ಏನೂ ಉಳಿಯುತ್ತಿರಲಿಲ್ಲ. ಒಂದೂವರೆಗೆ ಕಾಗದ ತಂದದ್ದು ಈ ಹುಡುಗಿ. ಆಗ ಎಸ್ಸೆಸ್ಸೆಲ್ಸಿ. ಶಾಲೆಯ ಯೂನಿಫಾರಂನಲ್ಲೇ ಬಸ್ ಹತ್ತಿ ಬಂದಿದ್ದಳು. ಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ, ನೀರಿನ ಕರದ ರಸೀದಿಗಳು, ಸೊಸೈಟಿ ಸಾಲದ ಪಾಸ್‌ಬುಕ್. ಬೆಳೆ ಸಮೀಕ್ಷೆಗೆ ಬಂದವರು ತೆಗೆದಿದ್ದ ಫೋಟೋವನ್ನು ಅಪ್ಪನ ಫೋನಿನಲ್ಲಿ ಇಟ್ಟುಕೊಂಡಿದ್ದಳು: ಮೊಣಕಾಲುದ್ದ ಭತ್ತದ ನಡುವೆ ಕಾಕಾ ನಿಂತಿದ್ದಾರೆ. ಜಮೀನು ಕಾಕಾನ ಕಬ್ಜಾದಲ್ಲಿ, ಅಂದರೆ ಸ್ವಾಧೀನದಲ್ಲಿ, ಇದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ನನ್ನ ಕೈಯಲ್ಲಿ ಬೇರೆ ಇರಲಿಲ್ಲ.

ಇಲ್ಲಿ ನಾನು ಎರಡನೇ ತಪ್ಪು ಮಾಡಿದೆ. ಮೊದಲನೆಯದಕ್ಕಿಂತ ದೊಡ್ಡದು ಅದೇ.

ಮೂರು ಗಂಟೆಗೆ ಐ.ಎ. ಕರೆದರು. ನನ್ನ ಮನಸ್ಸಿನಲ್ಲಿ ಒಂದೇ ಉರಿ: ನನ್ನ ಕೇವಿಯಟ್ ಇದ್ದರೂ ಅದನ್ನು ಮುಚ್ಚಿಟ್ಟು ಆರ್ಡರ್ ತಂದಿದ್ದಾರೆ. ಎದ್ದವನೇ ಅದರಿಂದಲೇ ಶುರು ಮಾಡಿದೆ. ವಾದಿ ಸತ್ಯ ಮರೆಮಾಚಿದ್ದಾರೆ, ಕಚೇರಿಯವರು ಕೇವಿಯಟ್ ರಿಜಿಸ್ಟರ್ ನೋಡಿಲ್ಲ, ಅದೇ ಆದೇಶ 39ರ ನಿಯಮ 3ರ ಪ್ರಕಾರ ನನ್ನ ಪಕ್ಷಗಾರರಿಗೆ ದಾವೆಯ ಪ್ರತಿ ಕಳಿಸಿಲ್ಲ, ಅಫಿಡವಿಟ್ ಹಾಕಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ದನಿ ಏರಿತ್ತು. ನ್ಯಾಯಾಧೀಶರು ತಡೆಯಲಿಲ್ಲ, ಮುಗಿಯುವ ತನಕ ಕೇಳಿದರು. ಆಮೇಲೆ, "ಆದೇಶ ಆಗಿದ್ದು ನಿನ್ನೆ. ಅಫಿಡವಿಟ್ ಹಾಕೋದಕ್ಕೆ ಇವತ್ತು ಸಂಜೆವರೆಗೂ ಅವರಿಗೆ ಟೈಮಿದೆ. ಕೇವಿಯಟ್ ಯಾವತ್ತು ಹಾಕಿದ್ದು?" ಎಂದರು.

"ಆಗಸ್ಟ್ 22, ಸ್ವಾಮಿ. ಇವತ್ತಿನವರೆಗೂ ಊರ್ಜಿತ ಇದೆ."

"148-ಎ, ಸಬ್ ಸೆಕ್ಷನ್ 5 ಓದಿ."

ಓದಿದೆ. ಅದೇ ಸಂಹಿತೆಯಲ್ಲಿ ಕೇವಿಯಟ್ಟಿನ ಅವಧಿ ತೊಂಬತ್ತು ದಿನ ಎಂದಿತ್ತು. ಮೂರು ತಿಂಗಳು ಎಂದಿರಲಿಲ್ಲ. ಎಷ್ಟೋ ಸಲ ಓದಿದ್ದೆ.

"ಎಣಿಸಿ."

ಹಾಲ್ ತುಂಬ ವಕೀಲರು. ಹಿಂದಿನ ಬೆಂಚಿನಲ್ಲಿ ಪ್ಲಾಸ್ಟಿಕ್ ಚೀಲ ತೊಡೆಯ ಮೇಲಿಟ್ಟುಕೊಂಡು ಆ ಹುಡುಗಿ. ನಾನು ಬಾಯಿಬಿಟ್ಟು ಎಣಿಸತೊಡಗಿದೆ. ಆಗಸ್ಟಿನಲ್ಲಿ ಉಳಿದದ್ದು ಒಂಬತ್ತು. ಸೆಪ್ಟೆಂಬರ್ ಮೂವತ್ತು ಸೇರಿದರೆ ಮೂವತ್ತೊಂಬತ್ತು. ಅಕ್ಟೋಬರ್ ಮೂವತ್ತೊಂದು ಸೇರಿದರೆ ಎಪ್ಪತ್ತು. ನವೆಂಬರ್ ಇಪ್ಪತ್ತಕ್ಕೆ ತೊಂಬತ್ತು. ಇಪ್ಪತ್ತು ಭಾನುವಾರ. ಅವರು ದಾವೆ ಹಾಕಿದ್ದು ಸೋಮವಾರ ಇಪ್ಪತ್ತೊಂದು, ಸರಿಯಾಗಿ ತೊಂಬತ್ತೊಂದನೇ ದಿನ. ಎದುರು ವಕೀಲರ ಫೈಲಿನಲ್ಲಿ ನಾನೇ ಕಳಿಸಿದ ಆರ್‌ಪಿಎಡಿ ನೋಟಿಸು ಮೇಲೇ ಇತ್ತು. ಮೂಲೆಯಲ್ಲಿ ಪೆನ್ಸಿಲ್ಲಿನಿಂದ "20/11" ಎಂದು ಬರೆದಿತ್ತು. ನಾನು ಕೊಟ್ಟ ತಾರೀಖನ್ನೇ ಹಿಡಿದು ಅವರು ಸರಿಯಾಗಿ ಎಣಿಸಿದ್ದರು. ಅದರಲ್ಲಿ ಅವರದೇನೂ ತಪ್ಪಿಲ್ಲ, ಅವರ ಪಕ್ಷಗಾರರ ಕೆಲಸ ಅವರು ಮಾಡಿದ್ದರು.

ಎಣಿಸಿ ಮುಗಿಸಿದ ಮೇಲೆ ಹಾಲಿನಲ್ಲಿ ಯಾರೂ ಮಾತಾಡಲಿಲ್ಲ. ಗಂಟಲು ಒಣಗಿತ್ತು. "ತಪ್ಪು ನನ್ನದು ಸ್ವಾಮಿ, ನಾನು ಮೂರು ತಿಂಗಳು ಅಂತ ಹಿಡಿದಿದ್ದೆ. ಕಚೇರಿಯ ಮೇಲೆ ಹೇಳಿದ ಮಾತು ವಾಪಸ್ ತಗೋತೀನಿ" ಅಂದೆ. ಆಮೇಲೆಯೇ ನಾನು ಭತ್ತದ ವಿಷಯಕ್ಕೆ ಬಂದೆ. ಬೆಳೆ ನಿಂತಿದೆ, ಮಷೀನು ಗದ್ದೆಗೆ ಇಳಿದಿದೆ, ಪಹಣಿಯಲ್ಲಿ ಉಳುವವರ ಹೆಸರಿನ ಕಾಲಂ 12ರಲ್ಲಿ ನಮ್ಮ ಹೆಸರಿದೆ, ಫೋಟೋ ಇದೆ, ನೀರಿನ ಕರ ನಾವು ಕಟ್ಟಿದ್ದೇವೆ ಎಂದು ಒಂದೊಂದಾಗಿ ಹೇಳಿದೆ. ನ್ಯಾಯಾಧೀಶರು ಪೆನ್ನು ಕೈಗೆ ತಗೊಂಡದ್ದು ಆಗ. "ಇದನ್ನು ಮೊದಲೇ ಹೇಳಬಾರದಿತ್ತಾ?" ಎಂದರು.

ಎದ್ದವನೇ ಅಲ್ಲಿಂದ ಶುರು ಮಾಡಿದ್ದರೆ? ನನ್ನ ಮಾನ ಉಳಿಸಿಕೊಳ್ಳುವ ವಾದಕ್ಕೆ ಕಾಲು ಗಂಟೆ ಕೊಟ್ಟೆ. ಅಷ್ಟು ಹೊತ್ತೂ ಅಲ್ಲಿ ಮಷೀನು ಓಡುತ್ತಿತ್ತು. ಅದೂ ಅಲ್ಲದೆ, ಒಮ್ಮೆ ಸುಳ್ಳು ಬಿದ್ದ ಬಾಯಿಂದ ಬರುವ ಸತ್ಯವನ್ನೂ ಕೋರ್ಟು ಅಳೆದು ತೂಗಿ ನೋಡುತ್ತದೆ. ನನ್ನ ಮಾತಿಗೆ ಬೆಲೆ ಉಳಿದಿದ್ದರೆ ಆದೇಶ ಪೂರ್ತಿ ರದ್ದಾಗುತ್ತಿತ್ತೇನೋ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ನಾಲ್ಕು ನಲವತ್ತಕ್ಕೆ ಆದೇಶ ಬಂತು. ಕಟಾವು ನಿಲ್ಲಬೇಕು. ಕೋರ್ಟು ನೇಮಿಸುವ ಕಮಿಷನರ್ ಮುಂದೆ, ಎರಡೂ ಕಡೆಯವರ ಎದುರಿಗೆ ಕೊಯ್ದು ಮಾರಿ ಹಣ ಕೋರ್ಟಿನಲ್ಲಿ ಠೇವಣಿ ಇಡಬೇಕು. ಹುಡುಗಿ ಅಪ್ಪನಿಗೆ ಫೋನ್ ಮಾಡಿದಳು. ಅಷ್ಟರಲ್ಲಿ ಒಂದು ಎಕರೆ ಕೊಯ್ದು ಟ್ರ್ಯಾಕ್ಟರ್ ಹೋಗಿಯಾಗಿತ್ತು. ಶುಕ್ರವಾರ ಕಮಿಷನರ್ ಬಂದಾಗ ಅಲ್ಲಿ ಇದ್ದದ್ದು ಕೂಳೆ. ಆ ಎಕರೆಯ ಚೀಲಗಳ ಲೆಕ್ಕ ದಾವೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಉಳಿದ ಮೂರು ಎಕರೆಯ ಹಣ ಕಾಕಾನ ಕೈಗೆ ಬರಲು ಏಳು ತಿಂಗಳು ಹಿಡಿಯಿತು. ಕಮಿಷನರ್ ವರದಿಗೆ ತಕರಾರು, ಅದಕ್ಕೆ ಉತ್ತರ, ಬೇಸಿಗೆ ರಜೆ. ಎಕ್ಸ್‌ಪಾರ್ಟಿ ಆದೇಶ ಕೊಟ್ಟ ಐ.ಎ.ಯನ್ನು 30 ದಿನದೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಆದೇಶ 39ರ ನಿಯಮ 3-ಎ ಹೇಳುತ್ತದೆ. ಹೊರೆ ಹೊತ್ತ ಕೋರ್ಟಿನಲ್ಲಿ ಅದು ನಡೆಯುವುದು ಕಷ್ಟ. ಐ.ಎ. ನಮ್ಮ ಪರ ಆಯಿತು. ಆದರೆ ಕಾಕಾ ಅಡತಿ ಅಂಗಡಿಯಿಂದ ಗೊಬ್ಬರ, ಎಣ್ಣೆಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ಸಾಲ ತಂದಿದ್ದರು. ಏಳು ತಿಂಗಳಿಗೆ ನೂರಕ್ಕೆ ಹದಿನಾಲ್ಕು. ಆ ಹದಿನಾಲ್ಕು ರೂಪಾಯಿ ನಾನು ತಪ್ಪಿ ಎಣಿಸಿದ ಎರಡು ದಿನದ ಬೆಲೆ. ಕಟ್ಟಿದ್ದು ಕಾಕಾ. ಸೀನಿಯರ್ ಕಲಬುರಗಿಯಿಂದ ಬಂದವರೇ ಕಾಕಾನನ್ನು ಕರೆಸಿ, ನನ್ನೆದುರೇ ಕ್ಷಮೆ ಕೇಳಿ ಫೀಸು ವಾಪಸ್ ಕೊಟ್ಟರು. ನನಗೆ ಬೈಯಲಿಲ್ಲ. "ಕಾಯ್ದೆಯಾಗ ತಿಂಗಳು ಅಂದ್ರ ತಿಂಗಳು, ದಿನ ಅಂದ್ರ ದಿನ" ಎಂದಷ್ಟೇ ಹೇಳಿದರು. ಮರುದಿನದಿಂದ ಆಫೀಸಿನಲ್ಲಿ ಕೇವಿಯಟ್ಟಿಗೆ ಬೇರೆ ರಿಜಿಸ್ಟರ್ ಬಂತು. 75ನೇ ದಿನವೇ ಕೆಂಪು ಶಾಯಿಯಲ್ಲಿ ಗುರುತು. ಅದನ್ನು ನಾನೇ ಬರೆಯುತ್ತೇನೆ, ಬೇರೆಯವರಿಗೆ ಬಿಡುವುದಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ಮಾತಿನ ಆಸೆಗೆ. ಸಣ್ಣವನಿದ್ದಾಗ ಅಜ್ಜನ ಜತೆ ಪೇಶಿಗೆ ಹೋಗಿ, ಕರಿ ಕೋಟಿನ ವಕೀಲರು ಎದ್ದು ನಿಂತರೆ ಊರ ಗೌಡರೂ ಬಾಯಿ ಮುಚ್ಚುವುದನ್ನು ನೋಡಿದ್ದೆ. ಆ ಆಕರ್ಷಣೆ ಸುಳ್ಳಲ್ಲ. ನ್ಯಾಯದ ಮಾತನ್ನು ಯಾರ ಹಂಗಿಲ್ಲದೆ ಆಡಬಹುದಾದ ಜಾಗ ನಮ್ಮ ಕಡೆ ಇವತ್ತಿಗೂ ಅದೇ. ಆದರೆ ಕೋರ್ಟಿನಲ್ಲಿ ನಾನು ಮಾತಾಡುವುದು ದಿನಕ್ಕೆ ಹತ್ತು ನಿಮಿಷ. ಉಳಿದ ಹೊತ್ತೆಲ್ಲ ತಾರೀಖು ಎಣಿಸುವುದು, ನಕಲಿಗೆ ಅರ್ಜಿ ಹಾಕುವುದು, ಸಮನ್ಸಿಗೆ ಪ್ರೋಸೆಸ್ ಶುಲ್ಕ ಕಟ್ಟುವುದು. ಚೆಕ್ ಬೌನ್ಸಿನ ನೋಟಿಸಿಗೆ 30 ದಿನ, ದುಡ್ಡು ಕಟ್ಟಲು 15 ದಿನ, ದೂರಿಗೆ ಒಂದು ತಿಂಗಳು. ಅಲ್ಲಿ ತಿಂಗಳು ಅಂದರೆ ತಿಂಗಳೇ.

ಹುಡುಗಿಗೆ ಇದನ್ನೆಲ್ಲ ಹೇಳಿದೆ. ಪಿಯುಸಿ ಮೇಲೆ ಐದು ವರ್ಷ, ಡಿಗ್ರಿ ಮೇಲೆ ಮೂರು. ನಮ್ಮ ಕಡೆಯ ಕಾಲೇಜುಗಳೆಲ್ಲ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ. ವಕೀಲಿಕೆಯ ಸನದಿಗೆ, ಅಂದರೆ ನೋಂದಣಿಗೆ, ನಾವು ಸಾವಿರಗಟ್ಟಲೆ ಕಟ್ಟಿದ್ದೆವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ತಗೊಳ್ಳಬಾರದು ಅಂದಿದೆ, ನಿನ್ನ ಪಾಲಿಗೆ ಅದು ಒಳ್ಳೆಯದಾಯಿತು ಅಂದೆ. ಆಮೇಲೆ ಬಾರ್ ಪರೀಕ್ಷೆ. ಮೊದಲ ವರ್ಷಗಳಲ್ಲಿ ಕೈಗೆ ದುಡ್ಡು ಬರುವುದು ಕಷ್ಟ. ಜೂನಿಯರ್‌ಗೆ ತಿಂಗಳಿಗೆ ಹಳ್ಳಿಗಾಡಿನಲ್ಲಿ 15,000, ಪಟ್ಟಣದಲ್ಲಿ 20,000 ರೂಪಾಯಿ ಕೊಡಿ ಎಂದು ಬಾರ್ ಕೌನ್ಸಿಲ್ 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತ್ತು. ಸೇರುವ ಮುಂಚೆ ಬಾಯಿಬಿಟ್ಟು ಕೇಳು, ನಾಚಿಕೆ ಪಡಬೇಡ ಎಂದೂ ಹೇಳಿದೆ.

ಅವಳು ಎಲ್ಲ ಬರೆದುಕೊಂಡಳು. ನಾನು ತಡೆಯಲಾರದೆ ಕೇಳಿದೆ: "ಅವತ್ತು ಅಷ್ಟೆಲ್ಲಾ ನೋಡೀದಿ. ಆದ್ರೂ ಇದೇ ಬೇಕನಸ್ತೇನು?"

"ಅವತ್ತು ಮನಿಗಿ ಹೋಗಿ ಕ್ಯಾಲೆಂಡರ್ ಇಟ್ಕೊಂಡು ನಾನೂ ಎಣಿಸೀದೆ ಅಣ್ಣಾ" ಅಂದಳು. "ನನಗ 19ಕ್ಕೇ ಮುಗೀತು. ಕೇವಿಯಟ್ ಹಾಕಿದ ದಿನಾನೂ ಹಿಡೀಬೇಕೇನು?"

"ಇಲ್ಲ, ಆ ದಿನ ಬಿಟ್ಟು ಎಣಿಸಬೇಕು" ಅಂದೆ.

ಅವಳು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ, ಮೊದಲಿನಿಂದ ಮತ್ತೆ ಶುರು ಮಾಡಿದಳು.