ಪುಡಿಕೆಯ ಮೇಲಿನ ನಾಲ್ಕನೆಯ ಸಾಲು

ಹರಳಿನ ವ್ಯಾಪಾರದಲ್ಲಿ ಬಿಡಿ ಕಲ್ಲುಗಳನ್ನು ಕಾಗದದ ಪುಡಿಕೆಯಲ್ಲಿ ಇಡುತ್ತೇವೆ. ಮಡಿಸಿದ ಬಿಳಿ ಕಾಗದ, ಒಳಗೆ ತೆಳುವಾದ ಇನ್ನೊಂದು ಹಾಳೆ, ಮೇಲೆ ಪೆನ್ಸಿಲಿನಲ್ಲಿ ಮೂರು ಸಾಲು: ಕಲ್ಲಿನ ಹೆಸರು, ತೂಕ, ಬಂದ ಊರು. ಜೈಪುರದ ಜೋಹರಿ ಬಜಾರಿನಲ್ಲಿ ಕೆಲಸ ಕಲಿತ ನಾಲ್ಕು ವರ್ಷವೂ ನಾನು ಹೀಗೆಯೇ ಬರೆದೆ. ಬೆಂಗಳೂರಿಗೆ ಮರಳಿ ನಗರ್ತಪೇಟೆಯಲ್ಲಿ ಸ್ವಂತ ಅಂಗಡಿ ತೆರೆದ ಮೇಲೂ ಬಹಳ ದಿನ ಹೀಗೆಯೇ ನಡೆಯಿತು. ಈಗ ನಾಲ್ಕು ಸಾಲು ಬರೆಯುತ್ತೇನೆ.

ನಮ್ಮ ಕಡೆ ಹರಳಿನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಜ್ಯೋತಿಷಿಗಳು ಬರೆದುಕೊಟ್ಟ ಚೀಟಿ ಇರುತ್ತದೆ. ಪುಷ್ಯರಾಗ, ನೀಲ, ಗೋಮೇಧಿಕ, ಇಷ್ಟು ರತ್ತಿ, ಈ ಬೆರಳಿಗೆ. ಆ ವ್ಯಾಪಾರದಿಂದಲೇ ನನ್ನ ಮನೆ ನಡೆಯುತ್ತದೆ. ಆದರೆ ನನ್ನ ಪ್ರಾಣವಿರುವುದು ನವರತ್ನದ ಪಟ್ಟಿಯಲ್ಲಿ ಜಾಗವಿಲ್ಲದ ಕಲ್ಲುಗಳಲ್ಲಿ. ಸ್ಫೀನ್, ಬೆನಿಟೊಯಿಟ್, ಸಿನ್ಹಲೈಟ್, ಕುಂಜೈಟ್. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಕಥೆ ಇದೆ. ಟಾಫೈಟ್ ಎಂಬ ಕಲ್ಲು ಜಗತ್ತಿಗೆ ಗೊತ್ತಾದದ್ದು 1945ರಲ್ಲಿ, ಅದೂ ಗಣಿಯಲ್ಲಿ ಸಿಕ್ಕಿ ಅಲ್ಲ. ಡಬ್ಲಿನ್ ನಗರದಲ್ಲಿ ರಿಚರ್ಡ್ ಟಾಫ್ ಎಂಬ ರತ್ನಪರೀಕ್ಷಕರು ಹಳೆಯ ಹರಳುಗಳ ರಾಶಿಯನ್ನು ಆರಿಸುತ್ತಿದ್ದಾಗ, ಸ್ಪಿನೆಲ್‌ನಂತೆ ಕಂಡ ತಿಳಿನೇರಳೆ ಹರಳೊಂದರ ಹಿಂಬದಿಯ ಗೆರೆಗಳು ಭೂತಗನ್ನಡಿಯಲ್ಲಿ ಎರಡೆರಡಾಗಿ ಕಂಡವು. ಸ್ಪಿನೆಲ್‌ನಲ್ಲಿ ಹಾಗೆ ಕಾಣುವುದೇ ಇಲ್ಲ. ಸಾಣೆ ಹಿಡಿದು ಮುಗಿದ ಹರಳಿನಿಂದ ಒಂದು ಹೊಸ ಖನಿಜ ಪತ್ತೆಯಾದದ್ದು ಅದೇ ಮೊದಲು. ಶ್ರೀಲಂಕಾದಿಂದ ತಿಳಿನೇರಳೆ ಸ್ಪಿನೆಲ್‌ಗಳ ಪುಡಿಕೆ ಬಂದಾಗಲೆಲ್ಲ ನಾನೂ ಒಂದೊಂದನ್ನೇ ಚಿಮಟದಲ್ಲಿ ಹಿಡಿದು ಹಿಂಬದಿಯ ಗೆರೆ ನೋಡುತ್ತೇನೆ. ಇಷ್ಟು ವರ್ಷದಲ್ಲಿ ಒಂದೂ ಸಿಕ್ಕಿಲ್ಲ. ನೋಡುವುದನ್ನು ಬಿಟ್ಟಿಲ್ಲ.

ನಿಜವಾಗಿ ಹೇಳಬೇಕಾದದ್ದು ಒಂದು ಸ್ಫೀನ್‌ನ ವಿಷಯ.

ಮಡಗಾಸ್ಕರ್‌ನ ಹಳದಿ ಮಿಶ್ರಿತ ಹಸಿರು ಹರಳು, ಮೂರು ಕ್ಯಾರಟ್‌ಗಿಂತ ತುಸು ಹೆಚ್ಚು ತೂಕ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗುಣದಲ್ಲಿ ಸ್ಫೀನ್ ವಜ್ರವನ್ನೂ ಮೀರಿಸುತ್ತದೆ. ಅಳತೆಯಲ್ಲಿ ವಜ್ರದ್ದು 0.044 ಆದರೆ ಇದರದ್ದು 0.051. ಕಿಟಕಿಯ ಬಳಿ ಸ್ವಲ್ಪ ತಿರುಗಿಸಿದರೆ ಸಾಕು, ಕಿತ್ತಳೆ, ನೀಲಿ, ಕೆಂಪು ಕಿಡಿಗಳು ಒಂದರ ಮೇಲೊಂದು ಹಾರುತ್ತವೆ. ಕಾಲೇಜು ಉಪನ್ಯಾಸಕರೊಬ್ಬರು ಮದುವೆಯ 25ನೆಯ ವರ್ಷಕ್ಕೆಂದು ಪತ್ನಿಗೆ ಉಂಗುರ ಮಾಡಿಸಲು ಬಂದಿದ್ದರು. ಎಲ್ಲರ ಬೆರಳಲ್ಲೂ ಇರುವಂಥದ್ದು ಬೇಡ ಎಂದರು. ಈ ಹರಳನ್ನು ತೋರಿಸಿದೆ. “ವಜ್ರಕ್ಕಿಂತ ಹೆಚ್ಚು ಕಿಡಿ ಇದೆ ಸಾರ್, ಇಡೀ ಬೆಂಗಳೂರಿನಲ್ಲಿ ಹುಡುಕಿದರೂ ನಾಲ್ಕು ಉಂಗುರ ಸಿಗುವುದು ಕಷ್ಟ” ಎಂದೆ. ಎರಡೂ ನಿಜ. ಅವರ ಒಂದು ತಿಂಗಳ ಸಂಬಳಕ್ಕೆ ಹತ್ತಿರದ ಮೊತ್ತ ಎಣಿಸಿಕೊಟ್ಟು ಹೋದರು.

ಹತ್ತು ತಿಂಗಳ ನಂತರ ಇಬ್ಬರೂ ಬಂದರು. ಆ ತಾಯಿ ಉಂಗುರವನ್ನು ಬೆರಳಿನಿಂದ ತೆಗೆದು ಕರವಸ್ತ್ರದಲ್ಲಿ ಸುತ್ತಿಕೊಂಡು ತಂದಿದ್ದರು. ಬಿಚ್ಚಿ ನೋಡಿದರೆ ಹರಳಿಗೆ ಹಾಲಿನ ಪೊರೆ ಬಂದಂತಿತ್ತು. ಭೂತಗನ್ನಡಿಯಲ್ಲಿ ನೋಡಿದೆ. ಮೇಲಿನ ಮುಖದ ತುಂಬ ಕೂದಲಿನಂಥ ಗೀರುಗಳು, ಮುಖಮುಖಗಳು ಕೂಡುವ ಅಂಚುಗಳೆಲ್ಲ ಸವೆದು ದುಂಡಗಾಗಿದ್ದವು, ಒಂದು ಮೂಲೆಯಲ್ಲಿ ಚಕ್ಕೆ ಎದ್ದಿತ್ತು. ಕಿಡಿಯ ಸುಳಿವೂ ಇರಲಿಲ್ಲ.

“ನಾನೇ ಜೋಪಾನ ಮಾಡಲಿಲ್ಲ ಅನ್ನಿಸುತ್ತದೆ. ಪಾತ್ರೆ ತೊಳೆಯುವಾಗ ತೆಗೆದಿಡುತ್ತಿದ್ದೆ. ಬೆಳಿಗ್ಗೆ ರಂಗೋಲಿ ಹಾಕುವಾಗ ಮಾತ್ರ ಮರೆಯುತ್ತಿದ್ದೆ” ಎಂದರು.

ರಂಗೋಲಿ ಎಂದ ಕೂಡಲೇ ನನಗೆ ಎಲ್ಲವೂ ತಿಳಿದುಹೋಯಿತು. ಅವರ ಮನೆಯಲ್ಲಿ ಬಳಸುತ್ತಿದ್ದದ್ದು ಬೆಣಚುಕಲ್ಲಿನ ಪುಡಿ. ವಜ್ರವನ್ನು 10 ಎಂದಿಟ್ಟು ಗಡಸುತನ ಅಳೆಯುವ ಮೋಹ್ಸ್ ಅಳತೆಯಲ್ಲಿ ಬೆಣಚುಕಲ್ಲಿನದ್ದು 7, ಸ್ಫೀನ್‌ನದ್ದು ಐದು, ಹೆಚ್ಚೆಂದರೆ ಐದೂವರೆ. ಬಲಗೈಯ ಉಂಗುರ, ಅದೇ ಕೈಯ ಬೆರಳುಗಳ ನಡುವಿನಿಂದ ದಿನವೂ ಒಂದು ಹಿಡಿ ಪುಡಿ ಜಾರುತ್ತದೆ. ಹತ್ತು ತಿಂಗಳು ಆ ಹರಳಿಗೆ ದಿನಾ ಬೆಳಿಗ್ಗೆ ಮರಳುಕಾಗದ ಉಜ್ಜಿದಂತೆಯೇ ಆಗಿತ್ತು. ರಂಗೋಲಿ ಹಾಕದಿದ್ದರೂ ನಿಧಾನವಾಗಿ ಹೀಗೇ ಆಗುತ್ತಿತ್ತು, ಏಕೆಂದರೆ ಮನೆಯ ಧೂಳಿನಲ್ಲೂ ಬೆಣಚಿನ ಕಣಗಳಿರುತ್ತವೆ. ಗಡಸುತನ ಏಳಕ್ಕಿಂತ ಕಡಿಮೆಯಿರುವ ಯಾವ ಹರಳನ್ನೇ ಆಗಲಿ ದಿನವೂ ಬೆರಳಲ್ಲಿಟ್ಟರೆ, ಒರೆಸುವ ಬಟ್ಟೆಯೇ ಅದನ್ನು ಗೀರುತ್ತದೆ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಜೈಪುರದಲ್ಲಿ ಮೊದಲ ತಿಂಗಳೇ ಗುರುಗಳು ಹೇಳಿಕೊಟ್ಟ ಪಾಠ ಅದು. ಮಾರುವಾಗ ನನ್ನ ಬಾಯಿಗೆ ಬರಲಿಲ್ಲ, ಅಷ್ಟೇ. ಅವರು ಜಗಳವಾಡಿದ್ದರೆ ಹಣ ಹಿಂತಿರುಗಿಸಿ ಮರೆತುಬಿಡುತ್ತಿದ್ದೆನೋ ಏನೋ. ತಪ್ಪೆಲ್ಲ ತನ್ನದೇ ಎಂದುಕೊಂಡು ತಲೆ ತಗ್ಗಿಸಿ ಕುಳಿತಿದ್ದ ಆ ತಾಯಿಯನ್ನು ನೋಡಿ ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಹರಳನ್ನು ಜೈಪುರಕ್ಕೆ ಕಳಿಸಿ ಮತ್ತೆ ಸಾಣೆ ಹಿಡಿಸಿದೆ. ಅರ್ಧ ಕ್ಯಾರಟ್‌ಗೂ ಹೆಚ್ಚು ತೂಕ ಹೋಯಿತು, ಕಿಡಿ ಮರಳಿತು. ಅದನ್ನು ಪದಕಕ್ಕೆ ಕೂರಿಸಿ, ಉಂಗುರದ ಹಣದಲ್ಲಿ ಅರ್ಧವನ್ನು ವಾಪಸು ಕೊಟ್ಟೆ. ಪದಕ ಎದೆಯ ಮೇಲಿರುತ್ತದೆ, ಯಾವುದಕ್ಕೂ ತಾಗುವುದಿಲ್ಲ.

‘ಅಪರೂಪ’ ಎಂಬ ಮಾತಿನಲ್ಲಿ ಎರಡು ಅರ್ಥಗಳಿವೆ ಎಂಬುದನ್ನು ಆಮೇಲೆ ಗ್ರಾಹಕರಿಗೆ ಬಿಡಿಸಿ ಹೇಳತೊಡಗಿದೆ. ಟಾಫೈಟ್ ಅಪರೂಪ, ಏಕೆಂದರೆ ಭೂಮಿಯಲ್ಲಿ ಅದು ಇರುವುದೇ ಅಷ್ಟು ಕಡಿಮೆ. ಆದರೆ ಒಡವೆಯಲ್ಲಿ ಕಾಣದ ಎಷ್ಟೋ ಹರಳುಗಳು ಅಪರೂಪವಾಗಿರುವುದು ಒಡವೆಯ ಬಾಳನ್ನು ತಾಳಲಾರವು ಎಂಬ ಕಾರಣಕ್ಕೆ. ಸ್ಫಾಲರೈಟ್ ಎಂಬುದು ಸತುವಿನ ಅದಿರು, ಹೇರಳವಾಗಿ ಸಿಗುತ್ತದೆ. ಸ್ಪೇನ್‌ನಿಂದ ಬರುವ ತಿಳಿಯಾದ ಜೇನುಬಣ್ಣದ ತುಂಡಿಗೆ ಸಾಣೆ ಹಿಡಿದರೆ ವಜ್ರದ ಮೂರು ಪಟ್ಟಿಗೂ ಮೀರಿದ ಕಿಡಿ. ಗಡಸುತನ ಮಾತ್ರ ಮೂರೂವರೆ, ನಾಲ್ಕು. ಮೇಲಾಗಿ ಆರು ದಿಕ್ಕಿನಲ್ಲಿ ಸೀಳುವ ಗುಣ. ಕುಂಜೈಟ್‌ಗೆ ಬೆಳಕೇ ಶತ್ರು. ಗುಲಾಬಿ ಬಣ್ಣದ ಒಳ್ಳೆಯ ಹರಳೊಂದನ್ನು ನಾನೇ ಪ್ರದರ್ಶನದ ಕಪಾಟಿನಲ್ಲಿ, ಬಿಸಿಲು ಬೀಳುವ ಕಡೆ ಒಂದು ಇಡೀ ಬೇಸಿಗೆ ಇಟ್ಟು, ನೀರಿನಂತೆ ಬಿಳಿಚಿಸಿಕೊಂಡಿದ್ದೇನೆ. ಟಾಂಜನೈಟ್ ಪತ್ತೆಯಾದದ್ದು 1967ರಲ್ಲಿ, ತಾಂಜಾನಿಯಾದ ಮೆರೆಲಾನಿ ಬೆಟ್ಟಗಳಲ್ಲಿ. ಅದನ್ನು ಈಗ ಎಲ್ಲರೂ ಉಂಗುರಕ್ಕೆ ಕೇಳುತ್ತಾರೆ. ಕೊಡುತ್ತೇನೆ, ಆದರೆ ಯಂತ್ರದಲ್ಲಿ ತೊಳೆಸಬೇಡಿ, ಬೆಸುಗೆ ಹಾಕುವಾಗ ಹರಳು ಬಿಡಿಸಿಡಲು ಅಕ್ಕಸಾಲಿಗೆ ಹೇಳಿ ಎಂದು ಬರೆದುಕೊಡುತ್ತೇನೆ.

ಪುಡಿಕೆಯ ನಾಲ್ಕನೆಯ ಸಾಲು ಇದೇ. ‘ಪದಕಕ್ಕೆ ಆದೀತು, ಉಂಗುರಕ್ಕೆ ಬೇಡ.’ ‘ಪೆಟ್ಟಿಗೆಯಲ್ಲಿಟ್ಟು ನೋಡಲು ಮಾತ್ರ.’ ‘ಬಿಸಿಲು ತಾಗಿಸಬೇಡಿ.’ ಇದನ್ನು ಶುರುಮಾಡಿದಾಗ ಜೈಪುರದ ದಲಾಲಿಯೊಬ್ಬರು ಬೇಸರಪಟ್ಟುಕೊಂಡರು. ಜಾಂಗಡ್ ಮೇಲೆ, ಅಂದರೆ ಮಾರಿದರೆ ಹಣ ಇಲ್ಲವಾದರೆ ವಾಪಸು ಎಂಬ ನಂಬಿಕೆಯ ಮೇಲೆ, ಕೊಟ್ಟ ಮಾಲಿನ ದೋಷವನ್ನು ನಾನೇ ಸಾರುತ್ತಿದ್ದೇನೆ ಎಂಬುದು ಅವರ ದೂರು. ಮೊದಲ ವರ್ಷ ವ್ಯಾಪಾರವೂ ಇಳಿಯಿತು, ಕೊಳ್ಳಲು ಬಂದವರು ಎದ್ದುಹೋದರು. ಸಂಗ್ರಾಹಕರು ಮಾತ್ರ ಉಳಿದರು. ಅವರಿಗೆ ಬೇಕಾಗಿದ್ದದ್ದೇ ಬಿಡಿ ಹರಳು, ಜೊತೆಗೆ ನಿಜವಾದ ವಿವರ.

ಮೊನ್ನೆ ಒಬ್ಬ ಹುಡುಗ ನಿಶ್ಚಿತಾರ್ಥದ ಉಂಗುರಕ್ಕೆ ಸ್ಫಾಲರೈಟ್ ಬೇಕೆಂದು ಬಂದ. ಎಲ್ಲ ಓದಿಕೊಂಡೇ ಬಂದಿದ್ದ, ಗಡಸುತನವೊಂದನ್ನು ಬಿಟ್ಟು. ಮೇಜಿನ ಖಾನೆಯಲ್ಲಿ ಒಂದು ಬಾಟಲಿ ಬೆಣಚಿನ ಪುಡಿಯನ್ನೂ ಸಾಣೆಯಲ್ಲಿ ಒಡೆದುಹೋದ ಸ್ಫಾಲರೈಟ್ ಚೂರೊಂದನ್ನೂ ಇಟ್ಟಿರುತ್ತೇನೆ. ಚೂರನ್ನು ಮೊದಲು ಭೂತಗನ್ನಡಿಯಲ್ಲಿ ತೋರಿಸಿದೆ. ಆಮೇಲೆ ಒಂದು ಚಿಟಿಕೆ ಪುಡಿ ಹಾಕಿ, “ಹೆಬ್ಬೆರಳಲ್ಲಿ ನೀವೇ ಉಜ್ಜಿ” ಎಂದೆ. ನಾಲ್ಕು ಬಾರಿ ಉಜ್ಜಿ ಮತ್ತೆ ಭೂತಗನ್ನಡಿಗೆ ಕಣ್ಣಿಟ್ಟ ಹುಡುಗ ಬಹಳ ಹೊತ್ತು ತಲೆ ಎತ್ತಲಿಲ್ಲ.

“ಅವಳು ದಿನಾ ಹಾಕಿಕೊಳ್ಳುವಂಥದ್ದು ಬೇಕು. ಆದರೆ ಎಲ್ಲರ ಹತ್ತಿರವೂ ಇರಬಾರದು” ಎಂದ.

ಸ್ಪಿನೆಲ್‌ಗಳ ತಟ್ಟೆ ಹೊರಗೆ ತೆಗೆದೆ. ಗಡಸುತನ 8, ಸೀಳುವ ಭಯವಿಲ್ಲ. ಬ್ರಿಟಿಷ್ ಕಿರೀಟದಲ್ಲಿ ‘ಕಪ್ಪು ರಾಜಕುಮಾರನ ಮಾಣಿಕ್ಯ’ ಎಂದು ಕರೆಸಿಕೊಳ್ಳುವ ಕೆಂಪು ಹರಳೂ ಸ್ಪಿನೆಲ್ಲೇ. ತಟ್ಟೆಯ ಒಂದು ಮೂಲೆಯಲ್ಲಿ ನಮ್ಮ ಮೈಸೂರು ಕಡೆಯ ನಕ್ಷತ್ರದ ಕೆಂಪೂ, ಅಂದರೆ ಮಾಣಿಕ್ಯವೂ, ಇತ್ತು. ಕಂದುಗೆಂಪು ಬಣ್ಣ, ಬೆಳಕು ದಾಟದ ಕಲ್ಲು, ನನ್ನ ಅಂಗಡಿಯಲ್ಲೇ ಅತಿ ಅಗ್ಗ, ಗಡಸುತನ 9. ಮೊಬೈಲಿನ ದೀಪ ಹಾಕಿ ಅದರ ಮೇಲೆ ಹಿಡಿದೆ. ಆರು ಎಳೆಯ ನಕ್ಷತ್ರ ಮೂಡಿತು. ದೀಪ ಸರಿಸಿದಂತೆ ನಕ್ಷತ್ರವೂ ಸರಿಯಿತು. ಹುಡುಗ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು ತಾನೇ ಸರಿಸಿ ನೋಡತೊಡಗಿದ.