ಮೂಳೆ ಹೂತ ನಾಲ್ಕು ಗುಂಡಿ: ಎರಡು ಮಳೆಗಾಲ ಕಳೆದ ಮೇಲೆ

ಕಾಫಿ ಕುಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಹೋದ ಭಾನುವಾರ ಮೊದಲ ಗುಂಡಿ ತೆಗೆದೆ. 2023ರ ಜೂನ್‌ನಲ್ಲಿ ಮುಂಗಾರು ಹಿಡಿಯುವ ಮುಂಚೆ ಹೂತಿದ್ದ ಕುರಿಯ ಪಕ್ಕೆಲುಬು ಅದರಲ್ಲಿತ್ತು. ಎರಡು ಮಳೆಗಾಲ ಕಂಡ ಆ ಮೂಳೆಯನ್ನು ಉಗುರಿನಿಂದ ಕೆರೆದರೆ ಹಾಲಲ್ಲಿ ನೆನೆದ ಬಿಸ್ಕೆಟ್‌ನ ಹಾಗೆ ಪುಡಿ ಬಂತು. ತುದಿಯ ಸ್ಪಂಜಿನಂಥ ಭಾಗ ಇರಲೇ ಇಲ್ಲ. ಕಾಫಿ ಗಿಡದ ಕೂದಲುಬೇರು ಮೂಳೆಗೆ ಅಂಟಿಕೊಂಡೇ ಮೇಲೆ ಬಂತು.

ಹೊಸದಾಗಿ ಓದುವವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮದು ಮೂಡಿಗೆರೆ ಕಡೆ ಆರು ಎಕರೆ ಕಾಫಿ ತೋಟ. ಪಕ್ಕದ ತೋಟದ ಏರಿನಲ್ಲಿ ನಿಲ್ಲಿಸಿದ ಕಲ್ಲುಚಪ್ಪಡಿಗಳಿವೆ. ಊರವರು ಪಾಂಡವರ ಮನೆ ಅನ್ನುತ್ತಾರೆ, ಅವು ಬೃಹತ್ ಶಿಲಾಯುಗದ ಸಮಾಧಿಗಳು. ಚಿಕ್ಕಂದಿನಿಂದ ಅಲ್ಲಿ ದನ ಮೇಯಿಸಿದವನು ನಾನು. ಅಲ್ಲಿ ಮಲಗಿರುವವರಿಗೆ ಏನೇನು ಕಾಯಿಲೆ ಇತ್ತು, ಅವರ ಮಕ್ಕಳು ಹೊಟ್ಟೆ ತುಂಬ ಉಂಡಿದ್ದವೇ ಎಂಬ ಪ್ರಶ್ನೆ ಮೂರು ವರ್ಷದಿಂದ ಬಿಟ್ಟಿಲ್ಲ. ಆ ಕಲ್ಲುಗಳನ್ನು ನಾನು ಮುಟ್ಟುವುದಿಲ್ಲ, ಯಾರೂ ಮುಟ್ಟಬಾರದು. ಅದು ಪುರಾತತ್ವದವರ ಕೆಲಸ. ನನ್ನ ಕೈಲಾಗುವುದು ನಮ್ಮ ಮಣ್ಣು ಮೂಳೆಯನ್ನು ಏನು ಮಾಡುತ್ತದೆ ಎಂದು ನೋಡುವುದು.

ಇದಕ್ಕೆ ದಾರಿ ತೋರಿಸಿದ್ದು ರಾಜಸ್ಥಾನದ ಉದಯಪುರದ ಬಳಿಯ ಬಾಲಾಥಲ್. ಅಲ್ಲಿ ಸಿಕ್ಕ ಸುಮಾರು 4,000 ವರ್ಷ ಹಳೆಯ ಗಂಡಸಿನ ಅಸ್ಥಿಪಂಜರದಲ್ಲಿ ಕುಷ್ಠರೋಗದ ಗುರುತುಗಳಿದ್ದವು. ಹಳೆಯ ಮೂಳೆಗಳ ಸಂಶೋಧಕಿ ಗ್ವೆನ್ ರಾಬಿನ್ಸ್ ಮತ್ತು ಜೊತೆಗಾರರು 2009ರಲ್ಲಿ ಅದನ್ನು ಪ್ರಕಟಿಸಿದರು. ಮೂಗಿನ ಸುತ್ತಲಿನ ಎಲುಬು ಸವೆದಿತ್ತು, ಬದುಕಿದ್ದಾಗಲೇ ಹಲ್ಲುಗಳು ಉದುರಿದ್ದವು. ಅವನನ್ನು ಮಲಗಿಸಿದ್ದು ಕಲ್ಲಿನ ಆವರಣದೊಳಗೆ ತುಂಬಿದ ಸುಟ್ಟ ಸಗಣಿಯ ಬೂದಿಯಲ್ಲಿ. ಬೂದಿ ಅಂದಾಕ್ಷಣ ನನಗೆ ನಮ್ಮ ಒಲೆ ನೆನಪಾಯಿತು. ಬೂದಿ ಕ್ಷಾರ, ನಮ್ಮ ಮಣ್ಣು ಹುಳಿ. ಮಳೆ ಸುರಿದು ಸುರಿದು ಮಣ್ಣಿನ ಸುಣ್ಣದಂಶವೆಲ್ಲ ಕೊಚ್ಚಿ ಹೋಗುವುದರಿಂದ ತಾನೇ ನಾವು ತೋಟಕ್ಕೆ ಸುಣ್ಣ, ಡಾಲಮೈಟ್ ಹಾಕುವುದು? ಮೂಳೆಯ ಗಟ್ಟಿತನವೂ ಕ್ಯಾಲ್ಸಿಯಂ ಫಾಸ್ಫೇಟ್‌ನದೇ. ಹುಳಿ ನೀರು ಅದನ್ನು ಕರಗಿಸದೆ ಬಿಡುವುದಿಲ್ಲ.

ಹಾಗಾಗಿ ನಾಲ್ಕು ಗುಂಡಿ. ಒಂದರಲ್ಲಿ ಬರೀ ತೋಟದ ಮಣ್ಣು, ಪರೀಕ್ಷೆಯ ವರದಿಯಲ್ಲಿ ಪಿಎಚ್ (ಏಳಕ್ಕಿಂತ ಕೆಳಗಿದ್ದರೆ ಹುಳಿ) 4.9 ಬಂದಿದ್ದ ಜಾಗ. ಎರಡನೆಯದಕ್ಕೆ ಸುಣ್ಣ ಬೆರೆಸಿದೆ, ಮೂರನೆಯದಕ್ಕೆ ಒಲೆ ಬೂದಿ ತುಂಬಿದೆ. ನಾಲ್ಕನೆಯದು ಮಳೆ ಕಡಿಮೆಯಿರುವ ಅರಸೀಕೆರೆಯಲ್ಲಿ ನಮ್ಮ ಭಾವನ ರಾಗಿ ಹೊಲದ ಬದುವಿನಲ್ಲಿ. ಪ್ರತಿಯೊಂದಕ್ಕೂ ಒಂದೇ ಅಂಗಡಿಯಿಂದ ತಂದ ಕುರಿ ಪಕ್ಕೆಲುಬು, ಹಲ್ಲಿರುವ ಒಂದು ದವಡೆ. ಮೊದಲ ವಾರವೇ ನಾಯಿ ಬಂದು ಎರಡನೆಯದನ್ನು ಕೆದಕಿತು. ಮತ್ತೆ ಹೂತು ಕೋಳಿಬಲೆ ಹಾಸಿ ಮೇಲೆ ಕಲ್ಲು ಹೇರಿದೆ.

ಕಾಯುವ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದ್ದೆ. ಕೋಳಿಯ ಕಾಲಿನ ಸಣ್ಣ ಮೂಳೆಯನ್ನು ವಿನೆಗರ್‌ನಲ್ಲಿ ಮುಳುಗಿಸಿಟ್ಟು, ದಿನ ಬಿಟ್ಟು ದಿನ ವಿನೆಗರ್ ಬದಲಿಸುತ್ತಾ ಹೋದೆ. ವಾರ ಕಳೆದ ಮೇಲೆ ಅದು ರಬ್ಬರಿನ ಹಾಗೆ ಬಾಗಿತು. ಖನಿಜ ಕರಗಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಮಾತ್ರ ಉಳಿದಿತ್ತು. ಮಣ್ಣಿನಲ್ಲಾದರೆ ಆ ಉಳಿದದ್ದನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ.

ಈಗ ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ. ಮೊದಲ ಗುಂಡಿಯ ಪಕ್ಕೆಲುಬನ್ನು ಬ್ರಷ್‌ನಿಂದ ಉಜ್ಜಿ ಭೂತಗನ್ನಡಿ ಹಿಡಿದರೆ ಸಾಲಾಗಿ ಸಣ್ಣ ತೂತುಗಳು, ಗೀರುಗಳು. ಪುಸ್ತಕದಲ್ಲಿ ರೋಗದ ಮೂಳೆ ಎಂದು ನೋಡಿದ ಚಿತ್ರಗಳ ಹಾಗೇ ಇದ್ದವು! ಆದರೆ ಆ ಕುರಿ ಆರೋಗ್ಯವಾಗಿತ್ತು, ಪಕ್ಕೆಲುಬು ಹೂಳುವ ಮುಂಚೆ ನಾನೇ ಫೋಟೊ ತೆಗೆದಿಟ್ಟಿದ್ದೆ. ತೂತು ಮಾಡಿದ್ದು ಹುಳಿ, ಗೀರಿದ್ದು ಬೇರು. ಬಲ್ಲವರು ನೋಡುವುದು ತೂತಿನ ಅಂಚನ್ನು. ಜೀವವಿದ್ದಾಗ ಆದ ಗಾಯದ ಸುತ್ತ ಮೂಳೆ ಮತ್ತೆ ಬೆಳೆಯಲು ಹವಣಿಸುತ್ತದೆ, ಅಂಚು ದುಂಡಗಾಗುತ್ತದೆ, ಹೊಸ ಪದರ ಕೂರುತ್ತದೆ. ನನ್ನ ಕೈಯಲ್ಲಿದ್ದುದರಲ್ಲಿ ಅದಿರಲಿಲ್ಲ, ಅಂಚೆಲ್ಲ ಚೂಪು. ಹತ್ತು ಲೇಖನ ಓದಿ ಅರ್ಥವಾಗದ್ದು ಬೆರಳ ತುದಿಗೆ ಅರ್ಥವಾಯಿತು.

ಇನ್ನೊಂದು ಮಾತೂ ಇದಕ್ಕೇ ಸೇರುತ್ತದೆ. ರೋಗದ ಗುರುತು ಮೂಳೆಗೆ ಇಳಿಯಬೇಕಾದರೆ ಆ ಮನುಷ್ಯ ಕಾಯಿಲೆಯ ಜೊತೆ ಸಾಕಷ್ಟು ಕಾಲ ಬದುಕಿರಬೇಕು. ಕಾಲರಾ ಬಂದು ಮೂರೇ ದಿನಕ್ಕೆ ಹೋದವನ ಎಲುಬು ನುಣ್ಣಗೇ ಇರುತ್ತದೆ. ಗುರುತಿಲ್ಲದ ಮೂಳೆ ಆರೋಗ್ಯವಂತನದೇ ಎನ್ನುವ ಹಾಗಿಲ್ಲ ಎಂದು 1992ರಿಂದ ಹಳೆಯ ಮೂಳೆಗಳಲ್ಲಿ ರೋಗ ಹುಡುಕುವ ವಿದ್ಯೆಯವರು ಗಟ್ಟಿಯಾಗಿ ಚರ್ಚಿಸುತ್ತಿದ್ದಾರೆ.

ಉಳಿದ ಗುಂಡಿಗಳದ್ದು ಬೇಗ ಹೇಳುತ್ತೇನೆ. ಸುಣ್ಣದ್ದು ಪರವಾಗಿಲ್ಲ. ಅರಸೀಕೆರೆಯದು ಗಟ್ಟಿ. ಬೂದಿಯೊಳಗಿನದು ಎಲ್ಲಕ್ಕಿಂತ ಚೆನ್ನಾಗಿದೆ, ತಟ್ಟಿದರೆ ಟಣ್ ಅನ್ನುತ್ತದೆ. ಹಲ್ಲು ಮಾತ್ರ ನಾಲ್ಕೂ ಕಡೆ ಮುಕ್ಕಾಗದೆ ಉಳಿದಿದೆ. ಮೊದಲ ಗುಂಡಿಯಲ್ಲಿ ದವಡೆ ಪುಡಿಯಾಗಿ ಹಲ್ಲು ಕಳಚಿಕೊಂಡಿತ್ತು, ಹೊಳಪು ಹೋಗಿರಲಿಲ್ಲ. ಹಲ್ಲಿನ ಹೊರಪದರವಾದ ಎನಾಮಲ್‌ನಲ್ಲಿ ಶೇ 95ಕ್ಕೂ ಹೆಚ್ಚು ಖನಿಜ, ಅಷ್ಟು ಒತ್ತಾದದ್ದು ಮೈಯಲ್ಲಿ ಬೇರೆ ಇಲ್ಲ.

ಹಲ್ಲಿಗೆ ಇನ್ನೊಂದು ಗುಣವಿದೆ. ಎನಾಮಲ್ ಒಮ್ಮೆ ಆದರೆ ಆಯಿತು, ಮತ್ತೆ ಕಟ್ಟುವುದಿಲ್ಲ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಕಾಲದಲ್ಲಿ ಮಗುವಿಗೆ ಜೋರು ಜ್ವರವೋ ಹಸಿವೋ ಬಂದರೆ ಅಡ್ಡಗೆರೆ ಬೀಳುತ್ತದೆ, ಸಾಯುವ ತನಕ ಇರುತ್ತದೆ. ಪುಣೆ ಬಳಿಯ ಪುರಾತನ ನೆಲೆ ಇನಾಮಗಾಂವ್‌ನಲ್ಲಿ ಎರಡು ಮಡಕೆಗಳ ಬಾಯಿ ಕೂಡಿಸಿ ಮನೆಯ ನೆಲದಡಿ ಹೂತಿದ್ದ ಮಕ್ಕಳ ಹಲ್ಲುಗಳನ್ನು ಸಂಶೋಧಕರಾದ ಜಾನ್ ಲೂಕಾಕ್ಸ್, ಸುಭಾಷ್ ವಾಲಿಂಬೆ ಹೀಗೇ ಓದಿದರು. ಅದನ್ನು ತಿಳಿದ ರಾತ್ರಿ ಕನ್ನಡಿ ಮುಂದೆ ನಿಂತು ಟಾರ್ಚ್ ಬಿಟ್ಟುಕೊಂಡೆ. ನನ್ನ ಎಡಗಡೆ ಕೋರೆಹಲ್ಲಿನ ನಡುವೆ ಒಂದು ತಗ್ಗು ಗೆರೆಯಿದೆ. ಅಮ್ಮನನ್ನು ಕೇಳಿದೆ. "ನಿಂಗೆ ಮೂರು ತುಂಬಿ ನಾಲ್ಕರಲ್ಲಿ ದಡಾರ ಬಂದಿತ್ತಲ್ಲೋ. ತಿಂಗಳು ಅನ್ನ ಮುಟ್ಟಲಿಲ್ಲ, ಗಂಜಿನೂ ಉಗಿಯುತ್ತಿದ್ದೆ" ಅಂದರು. ಆ ತಿಂಗಳು ನನಗೆ ನೆನಪಿಲ್ಲ, ಹಲ್ಲಿಗೆ ನೆನಪಿದೆ.

ಹಂದಿಗೋಡು ಕಾಯಿಲೆಯ ಬಗ್ಗೆ ಯೋಚಿಸುತ್ತಲೇ ಇದ್ದೇನೆ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದು, ನಮ್ಮ ಜಿಲ್ಲೆಯಲ್ಲೂ ಕಂಡ ವಂಶವಾಹಿ ಕಾಯಿಲೆ. ಸೊಂಟದ ಕೀಲು ಸವೆದು ಜನ ಕೋಲು ಹಿಡಿದರು. ಅದು ಮಲೆನಾಡಿನಲ್ಲಿ ಎಷ್ಟು ತಲೆಮಾರಿನಿಂದ ಇದೆ ಎನ್ನಲು ಹಳೆಯ ತೊಡೆಮೂಳೆಗಳು ಬೇಕು. ಆ ಮೂಳೆಯ ತುದಿಯೇ ಇಲ್ಲಿ ಮೊದಲು ಕರಗುವುದು. ನಮ್ಮ ಹಿರಿಯರ ನೋವಿನ ಗುರುತನ್ನೂ ಮಳೆ ತೊಳೆಯಿತಲ್ಲ ಎಂದು ಸಂಕಟವಾಗುತ್ತದೆ.

ಅರ್ಧ ಮೂಳೆಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿ ದಿನಾಂಕ ಬರೆದಿಟ್ಟಿದ್ದೇನೆ. ಮಿಕ್ಕ ಅರ್ಧ ಅದೇ ಗುಂಡಿಗಳಿಗೆ ವಾಪಸ್ ಹೋಗಿವೆ. ಮರೆಯದಿರಲೆಂದು ಪಕ್ಕದ ಸಿಲ್ವರ್ ಮರಕ್ಕೆ ಬಿಳಿ ಬಣ್ಣದ ಪಟ್ಟಿ ಬಳಿದು, ಸುಣ್ಣ ಎರಚುವಾಗ ಈ ಜಾಗ ಬಿಡಬೇಕೆಂದು ತೋಟದ ರೈಟರಿಗೆ ಹೇಳಿದ್ದೇನೆ. ಮುಂದಿನ ಅಗೆತ 2027ರ ಕುಯ್ಲು ಮುಗಿದ ಮೇಲೆ.