ಫುಲ್ ಲೋಡ್‌ನಲ್ಲಿ ಗಟ್ಟಿ, ಸುಮ್ನಿದ್ದಾಗ ರೀಸ್ಟಾರ್ಟ್

ಪ್ರೊಸೆಸರ್‌ನ ಪೂರ್ತಿ ದುಡಿಸಿ ನೋಡೋ ಟೆಸ್ಟ್‌ಗಳಲ್ಲಿ ಸಿನಿಬೆಂಚ್ ಪಾಸು, ಪ್ರೈಮ್95 ರಾತ್ರಿ ಪೂರ್ತಿ ಓಡಿದ್ರೂ ಪಾಸು, ಆದ್ರೆ ಬೆಳಿಗ್ಗೆ ಕ್ರೋಮ್‌ನಲ್ಲಿ ಪೇಪರ್ ಓದ್ತಾ ಕೂತಿರೋವಾಗ ಸ್ಕ್ರೀನ್ ಕಪ್ಪಾಗಿ ಪಿಸಿ ರೀಸ್ಟಾರ್ಟ್. ಇಂಥದ್ದಾದ್ರೆ ನಮ್ಮಲ್ಲಿ ಎಲ್ರೂ ಮೊದ್ಲು ಬೈಯೋದು ಕರೆಂಟನ್ನ, ಆಮೇಲೆ ಎಸ್‌ಎಂಪಿಎಸ್‌ನ, ಅಂದ್ರೆ ಪಿಸಿಯ ಪವರ್ ಸಪ್ಲೈನ. ನಮ್ಮನೇಲಿ ಯುಪಿಎಸ್ ಇದೆ, ಕರೆಂಟೂ ಹೋಗಿರ್ಲಿಲ್ಲ. ಪಿಸಿ ಮುಂದೆ ಕೂತಿದ್ದ ನನ್ನ ತಮ್ಮ ರೂಮಿಂದ ಕೂಗಿದ, "ಅಣ್ಣಾ, ಮತ್ತೆ ಹೋಯ್ತು ನೋಡು, ನಾನೇನೂ ಮಾಡ್ತಿರ್ಲಿಲ್ಲ!"

ಏನೂ ಮಾಡ್ತಿರ್ಲಿಲ್ಲ ಅನ್ನೋದೇ ಇಲ್ಲಿ ಮುಖ್ಯವಾದ ಸುಳಿವು.

ಪ್ರೊಸೆಸರ್ ರೈಜನ್ 5 5600ಎಕ್ಸ್, 2020ರ ನವೆಂಬರ್‌ನಲ್ಲಿ ಬಂದಿದ್ದು, 6 ಕೋರ್, 12 ಥ್ರೆಡ್, ಬೂಸ್ಟ್ (ಕೆಲ್ಸ ಬಂದಾಗ ತಾನೇ ಏರೋ ಸ್ಪೀಡ್) 4.6 ಗಿಗಾಹರ್ಟ್ಸ್. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಇದಕ್ಕೆ ಯಾವ ತೊಂದ್ರೆನೂ ಇಲ್ಲ. ನಾನು ಪಿಬಿಒ (ಎಎಂಡಿಯ ಓವರ್‌ಕ್ಲಾಕ್ ಸೆಟ್ಟಿಂಗ್) ಆನ್ ಮಾಡಿ, ಕರ್ವ್ ಆಪ್ಟಿಮೈಜರ್‌ನಲ್ಲಿ, ಅಂದ್ರೆ ಯಾವ ಸ್ಪೀಡ್‌ಗೆ ಎಷ್ಟು ವೋಲ್ಟೇಜ್ ಅನ್ನೋ ಕರ್ವ್‌ನ ಇಳಿಸೋ ಕಡೆ, ಎಲ್ಲಾ ಕೋರ್‌ಗೂ ಮೈನಸ್ 30 ಕೊಟ್ಟು ಎಲ್ಲಿವರೆಗೂ ಹೋಗತ್ತೆ ನೋಡೋಣ ಅಂತ ಶುರು ಮಾಡಿದ್ದು. ಆ 30 ಅನ್ನೋದು ಮಿಲಿವೋಲ್ಟ್ ಅಲ್ಲ, ಒಂದೊಂದು ಸ್ಟೆಪ್‌ಗೆ ಸುಮಾರು 3ರಿಂದ 5 ಮಿಲಿವೋಲ್ಟ್, ಅಂದ್ರೆ ಪೂರ್ತಿ ಇಳಿಸಿದ್ರೆ 90ರಿಂದ 150 ಮಿಲಿವೋಲ್ಟ್ ಕಮ್ಮಿ ಆಗತ್ತೆ, ಇದೇನು ಚಿಲ್ಲರೆ ಲೆಕ್ಕ ಅಲ್ಲ. ವೋಲ್ಟೇಜ್ ಇಳಿದ್ರೆ ಬಿಸಿ ಕಮ್ಮಿ, ಆ ಉಳಿತಾಯದಲ್ಲಿ ಚಿಪ್ ತಾನೇ ಇನ್ನೂ ಸ್ವಲ್ಪ ಮೇಲಕ್ಕೆ ಬೂಸ್ಟ್ ಮಾಡ್ಕೊಳತ್ತೆ, ಅದಕ್ಕೇ ಇದು ಇಷ್ಟೊಂದು ಜನಕ್ಕೆ ಇಷ್ಟ.

ಈಗ ಫುಲ್ ಲೋಡ್‌ನಲ್ಲಿ ಯಾಕೆ ಬೀಳಲ್ಲ ಅಂತ ನೋಡಿ. ಆರೂ ಕೋರ್ ಒಟ್ಟಿಗೆ ದುಡೀವಾಗ ಪವರ್ ಲಿಮಿಟ್ ಅಡ್ಡ ಬರತ್ತೆ, 5600ಎಕ್ಸ್‌ಗೆ ಡೀಫಾಲ್ಟ್ ಪಿಪಿಟಿ, ಅಂದ್ರೆ ಆ ಪವರ್ ಲಿಮಿಟ್, 76 ವ್ಯಾಟ್, ಪಿಬಿಒದಲ್ಲಿ ಅದನ್ನ ಏರಿಸಿದ್ರೂ ಪ್ರೈಮ್95 ಥರದ ಭಾರದಲ್ಲಿ ಯಾವ ಕೋರೂ ತನ್ನ ತುತ್ತತುದಿ ಸ್ಪೀಡ್‌ಗೆ ಹೋಗಲ್ಲ. ಇನ್ನೊಂದು ವಿಷ್ಯ ಏನಂದ್ರೆ ಡೆಸ್ಕ್‌ಟಾಪ್ ರೈಜನ್‌ನಲ್ಲಿ ಎಲ್ಲಾ ಕೋರ್‌ಗೂ ವೋಲ್ಟೇಜ್ ಒಂದೇ ಲೈನಿಂದ ಬರತ್ತೆ, ಯಾವ ಕೋರ್ ಜಾಸ್ತಿ ಕೇಳತ್ತೋ ಅಷ್ಟೇ ಎಲ್ಲರಿಗೂ ಸಿಗತ್ತೆ, ಹಾಗಾಗಿ ಒಂದು ಕೋರ್‌ನ ಸೆಟ್ಟಿಂಗ್ ತೀರಾ ಕೆಳಗಿದ್ರೂ ಪಕ್ಕದ ಕೋರ್ ಕೇಳಿದ ವೋಲ್ಟೇಜ್‌ನಲ್ಲಿ ಅದೂ ಬದುಕ್ಕೊಂಡು ಬಿಡತ್ತೆ. ಕೂಡು ಮನೇಲಿ ದುಡಿಯೋ ಅಣ್ಣನ ಸಂಬಳದಲ್ಲಿ ಎಲ್ಲರ ಖರ್ಚೂ ನಡೆಯೋ ಹಾಗೆ. ಅದೇ ಒಂದು ಟ್ಯಾಬ್ ಓಪನ್ ಮಾಡ್ದಾಗ ಒಂದೇ ಕೋರ್ ಎದ್ದು ಮ್ಯಾಕ್ಸಿಮಮ್ ಬೂಸ್ಟ್‌ಗೆ ಹಾರತ್ತೆ, ಆಗ ಅದಕ್ಕೆ ತನ್ನ ಕರ್ವ್‌ನಲ್ಲಿ ಇರೋದಷ್ಟೇ ಗತಿ, ಸಾಲ್ದೇ ಹೋದ್ರೆ ಅಲ್ಲಿಗೆ ಮುಗೀತು.

ಯಾವ ಕೋರ್ ಅಂತ ಊಹೆ ಮಾಡ್ಬೇಕಾಗಿಲ್ಲ, ವಿಂಡೋಸ್ ಬರೆದಿಟ್ಟಿರತ್ತೆ. ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆಗೀರಿ. ಕರ್ನಲ್ ಪವರ್ 41 ಅಂತ ಒಂದು ಕೆಂಪು ಎಂಟ್ರಿ ಇರತ್ತೆ, ಎಲ್ರೂ ಅದನ್ನ ನೋಡಿ ಎಸ್‌ಎಂಪಿಎಸ್ ಬದಲಾಯಿಸೋಕೆ ಹೊರಡ್ತಾರೆ, ಆದ್ರೆ ಅದು ಹೇಳೋದು ಪಿಸಿ ಸರಿಯಾಗಿ ಶಟ್‌ಡೌನ್ ಆಗ್ಲಿಲ್ಲ ಅಂತ ಅಷ್ಟೇ. ಅದರ ಆಸುಪಾಸಲ್ಲೇ ಡಬ್ಲ್ಯೂಎಚ್‌ಇಎ ಲಾಗರ್ (ಹಾರ್ಡ್‌ವೇರ್ ಎರರ್ ಬರೆದಿಡೋದು), ಈವೆಂಟ್ 18 ಇದ್ಯಾ ನೋಡಿ. ಇದ್ರೆ, ಜೊತೆಗೆ ಕ್ಯಾಶ್ ಹೈರಾರ್ಕಿ ಎರರ್ ಅಂತಿದ್ರೆ, ಕೆಳಗಡೆ ಇರೋ ಎಪಿಐಸಿ ಐಡಿ (ಎರರ್ ಬಂದ ಥ್ರೆಡ್‌ನ ನಂಬರ್) ಬರ್ಕೊಳ್ಳಿ. ಈ ಚಿಪ್‌ನಲ್ಲಿ 0 ಮತ್ತು 1 ಅಂದ್ರೆ ಕೋರ್ 0, 2 ಮತ್ತು 3 ಅಂದ್ರೆ ಕೋರ್ 1, ಹೀಗೇ ಎರಡರಿಂದ ಭಾಗಿಸ್ತಾ ಹೋದ್ರೆ ಆಯ್ತು. ನನಗೆ ಪ್ರತೀ ಸಲ 4 ಇಲ್ಲಾ 5 ಬರ್ತಿತ್ತು, ಅಂದ್ರೆ ಕೋರ್ 2. ಒಂದು ಹುಷಾರು, ಬಯಾಸ್‌ನಲ್ಲಿ ಕೋರ್ ಲೆಕ್ಕ 0ಯಿಂದ ಶುರು, ಎಎಂಡಿಯ ಟ್ಯೂನಿಂಗ್ ಸಾಫ್ಟ್‌ವೇರ್ ರೈಜನ್ ಮಾಸ್ಟರ್‌ನಲ್ಲಿ 1ರಿಂದ ಶುರು, ಎರಡನ್ನೂ ಕಲಸಿದ್ರೆ ಸರಿ ಇರೋ ಕೋರ್‌ಗೆ ಔಷಧಿ ಹಾಕ್ತಾ ಇರ್ತೀರ.

ಇನ್ನು ರ‍್ಯಾಮ್. ಪ್ರೊಸೆಸರ್ ಟ್ಯೂನ್ ಮಾಡೋವಾಗ ಎಕ್ಸ್‌ಎಂಪಿ (ಮೆಮೊರಿ ಸ್ಪೀಡ್ ಏರಿಸೋ ಸೆಟ್ಟಿಂಗ್) ಆಫ್ ಇರ್ಲಿ. ಎರಡೂ ಒಟ್ಟಿಗೆ ಓವರ್‌ಕ್ಲಾಕ್ ಆಗಿದ್ರೆ ಯಾವುದರ ತಪ್ಪು ಅಂತ ಜನ್ಮದಲ್ಲಿ ಗೊತ್ತಾಗಲ್ಲ.

ಆಮೇಲೆ ಟೆಸ್ಟ್‌ಗೆ ಕೋರ್‌ಸೈಕ್ಲರ್ ಬಿಟ್ರೆ ಬೇರೆ ಬೇಡ ಅಂತೀನಿ. ಇದು ಪ್ರೈಮ್95ನ ಒಂದು ಸಲಕ್ಕೆ ಒಂದೇ ಕೋರ್ ಮೇಲೆ ಓಡ್ಸೋ ಸಣ್ಣ ಸ್ಕ್ರಿಪ್ಟು, ಫ್ರೀ. ಭಾರದ ಎವಿಎಕ್ಸ್ ಮೋಡ್ ಬೇಡ, ಹಗುರವಾದ ಎಸ್‌ಎಸ್‌ಇ ಮೋಡ್‌ನಲ್ಲೇ ಇಡಿ, ಯಾಕಂದ್ರೆ ಹಗುರವಾದ ಲೋಡ್‌ನಲ್ಲೇ ಕೋರ್ ಅತಿ ಎತ್ತರಕ್ಕೆ ಬೂಸ್ಟ್ ಆಗೋದು, ನಮಗೆ ಬೇಕಿರೋದೂ ಅದೇ. ಮಧ್ಯೆ ಮಧ್ಯೆ ಲೋಡ್ ನಿಲ್ಲಿಸಿ ಮತ್ತೆ ಶುರು ಮಾಡೋ ಆಪ್ಷನ್ನೂ ಇದೆ, ಅದನ್ನ ಆನ್ ಇಡಿ, ಐಡಲ್‌ನಿಂದ ಎದ್ದೇಳೋವಾಗ ಬೀಳೋ ಕೋರ್ ಇದರಲ್ಲಿ ಸಿಕ್ಕಿಬೀಳತ್ತೆ. ಎರರ್ ಬಂದ ಕೋರ್‌ಗೆ ಮಾತ್ರ ಐದೈದು ಸ್ಟೆಪ್ ವಾಪಸ್ ಕೊಡ್ತಾ ಬನ್ನಿ.

ಕೊನೆಗೆ ನಂದು ನಿಂತಿದ್ದು ಹೀಗೆ: ಕೋರ್ 2ಕ್ಕೆ ಮೈನಸ್ 8, ಇನ್ನೊಂದಕ್ಕೆ ಮೈನಸ್ 15, ಉಳಿದ ನಾಲ್ಕಕ್ಕೆ ಮೈನಸ್ 25. ಕೋರ್ 2 ಕೆಟ್ಟ ಕೋರ್ ಅಲ್ಲ, ರೈಜನ್ ಮಾಸ್ಟರ್‌ನಲ್ಲಿ ಸ್ಟಾರ್ ಇರೋ ಬೆಸ್ಟ್ ಕೋರೇ ಅದು. ಒಳ್ಳೆ ಕೋರ್‌ಗೆ ಹೆಚ್ಚಾಗಿ ಫ್ಯಾಕ್ಟರಿಯಲ್ಲೇ ಬಿಗಿಯಾದ ಕರ್ವ್ ಕೊಟ್ಟಿರ್ತಾರೆ, ಇನ್ನೂ ಇಳಿಸೋಕೆ ಜಾಗ ಇರಲ್ಲ, ಅದೂ ಅಲ್ದೆ ಒಂಟಿ ಕೆಲ್ಸ ಎಲ್ಲಾ ವಿಂಡೋಸ್ ಅದಕ್ಕೇ ಹೊರ್ಸೋದು. ಹಾಗಾಗಿ ನನ್ನ ನಂಬರ್ ಕಾಪಿ ಮಾಡ್ಬೇಡಿ, ಅದೇ ಮಾಡೆಲ್‌ನ ಇನ್ನೊಂದು ಚಿಪ್‌ನಲ್ಲಿ ಬೇರೇನೇ ಬರತ್ತೆ.

ಯಾವಾಗ್ಲೋ ಒಮ್ಮೆ ತಾನೇ ರೀಸ್ಟಾರ್ಟ್ ಆಗೋದು, ಇರ್ಲಿ ಬಿಡು ಅಂತ ಮಾತ್ರ ದಯವಿಟ್ಟು ಬಿಡ್ಬೇಡಿ. ತಪ್ಪು ಲೆಕ್ಕ ಮಾಡೋ ಕೋರ್ ಯಾವಾಗ್ಲೂ ಕ್ರ್ಯಾಶ್ ಆಗೇ ತೋರಿಸ್ಬೇಕು ಅಂತೇನಿಲ್ಲ, ಸದ್ದಿಲ್ದೆ ಒಂದು ಫೈಲ್ ಕೆಡಿಸಿ ಸುಮ್ನಿರಬಹುದು, ನಮ್ಮನೆ ಫೋಟೋ ವಿಡಿಯೋ ಎಲ್ಲಾ ಇದೇ ಪಿಸಿಯಲ್ಲಿದೆ. ಸೆಟ್ಟಿಂಗ್ ಪೇಜ್‌ದು ಒಂದು ಫೋಟೋ ಮೊಬೈಲ್‌ನಲ್ಲಿ ಇಟ್ಕೊಳ್ಳಿ, ಬಯಾಸ್ ಅಪ್‌ಡೇಟ್ ಮಾಡಿದ್ರೆ ಸಾಮಾನ್ಯವಾಗಿ ಎಲ್ಲಾ ಅಳಿಸಿ ಹೋಗತ್ತೆ, ಮತ್ತೆ ಹಾಕಿದ್ಮೇಲೆ ಕೋರ್‌ಸೈಕ್ಲರ್ ಇನ್ನೊಂದು ರಾತ್ರಿ ಓಡಿಸ್ಲೇಬೇಕು.